ಉಸಿರಾಡುವ ದಾಸ್ತಾನು: ಚಿಲ್ಲರೆ ನರ್ಸರಿಯ ದುಡಿಮೆ ಮತ್ತು ಲೆಕ್ಕ

ಬೆಂಗಳೂರಿಗೆ ಉದ್ಯಾನನಗರಿ ಎಂಬ ಹೆಸರು ಬರುವಲ್ಲಿ 1760ರಲ್ಲಿ ಹೈದರಾಲಿಯು ಆರಂಭಿಸಿದ ಲಾಲ್‌ಬಾಗಿನ ಪಾತ್ರ ಎಲ್ಲರಿಗೂ ತಿಳಿದದ್ದೇ. ಅದರ ಆಸುಪಾಸಿನ ಸಿದ್ದಾಪುರದಂತಹ ಸ್ಥಳಗಳಲ್ಲಿ ಗಿಡ ಬೆಳೆಸಿ ಮಾರುತ್ತ ಬಂದ ಕುಟುಂಬಗಳ ಪಾತ್ರವೂ ಕಡಿಮೆಯದಲ್ಲ. ಇಂದು ನಗರದ ಬಡಾವಣೆಗಳ ಅಂಚಿನಲ್ಲೆಲ್ಲ ಚಿಲ್ಲರೆ ನರ್ಸರಿಗಳು ಕಾಣಸಿಗುತ್ತವೆ. ದಿನಸಿ, ಜವಳಿಗಳ ಲೆಕ್ಕಾಚಾರದಲ್ಲಿ ಪಳಗಿದ ವರ್ತಕರಿಗೂ ಈ ವ್ಯಾಪಾರ ಒಂದು ಒಗಟು. ಇಲ್ಲಿನ ದಾಸ್ತಾನು ಬೆಳೆಯುತ್ತದೆ. ಒಂದು ದಿನ ಕಡೆಗಣಿಸಿದರೆ ಸಾಯುತ್ತದೆ.

ನರ್ಸರಿಯ ಕೆಲಸ ಗಿರಾಕಿ ಬರುವುದಕ್ಕೆ ಬಹಳ ಮುಂಚೆಯೇ ಆರಂಭವಾಗುತ್ತದೆ. ಬಿಸಿಲೇರುವ ಮೊದಲು ನೀರು ಹಾಯಿಸಬೇಕು. ಹೊರನೋಟಕ್ಕೆ ಇದು ಯಾರೂ ಮಾಡಬಹುದಾದ ಕೆಲಸ. ವಾಸ್ತವದಲ್ಲಿ ಅನುಭವಿ ಕೆಲಸಗಾರ ಕುಂಡದ ಮಣ್ಣಿಗೆ ಬೆರಳಿಟ್ಟು, ತೇವ ನೋಡಿ, ಒಂದಕ್ಕೆ ನೀರು ಕೊಟ್ಟು ಪಕ್ಕದ್ದನ್ನು ಬಿಟ್ಟು ಮುಂದೆ ಸಾಗುತ್ತಾನೆ. ನೀರಿಲ್ಲದೆ ಸಾಯುವ ಗಿಡಗಳಷ್ಟೇ ನೀರು ಹೆಚ್ಚಾಗಿ ಬೇರು ಕೊಳೆತು ಸಾಯುವ ಗಿಡಗಳೂ ಇವೆ. ಅನಂತರ ಒಣ ಎಲೆ ತೆಗೆಯುವುದು, ದಾಸವಾಳದ ಎಲೆಯಡಿ ಹಿಟ್ಟು ತಿಗಣೆ ಹುಡುಕುವುದು, ಕಸಿ ಮಾವಿನ ಬುಡದಲ್ಲಿ ಕಸಿ ಗಂಟಿನ ಕೆಳಗೆ ಒಡೆದ ಚಿಗುರನ್ನು ಚಿವುಟುವುದು. ಈ ಕಡೆಯ ಕೆಲಸ ತಪ್ಪಿದರೆ ಬುಡದ ಕಾಡುತಳಿಯೇ ಮೇಲುಗೈ ಪಡೆದು, ಗಿರಾಕಿಯ ಹಿತ್ತಲಲ್ಲಿ ಹೆಸರಾಂತ ತಳಿಯ ಬದಲು ಯಾವುದೋ ಹುಳಿಮಾವು ಬೆಳೆದು ನಿಲ್ಲುತ್ತದೆ. ದೂರು ಬರುವುದು ಹಲವು ವರ್ಷಗಳ ನಂತರ. ಆ ಹೊತ್ತಿಗೆ ಯಾರ ತಪ್ಪೆಂದು ಹೇಳುವವರೂ ಇರುವುದಿಲ್ಲ.

ಚಿಲ್ಲರೆ ನರ್ಸರಿಗಳಲ್ಲಿ ಬಹಳಷ್ಟು ಗಿಡಗಳು ಸ್ವಂತ ಬೆಳೆಯಲ್ಲ. ಆಂಧ್ರಪ್ರದೇಶದ ರಾಜಮಂಡ್ರಿಯ ಸಮೀಪದ ಕಡಿಯಂ ಪ್ರದೇಶದಿಂದ ಲಾರಿಗಳಲ್ಲಿ ಬರುವಂಥವೂ ಸಾಕಷ್ಟಿವೆ. ಗೋದಾವರಿ ತೀರದ ಸೆಕೆಯಲ್ಲಿ ಬೆಳೆದ ಗಿಡ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಹವೆಗೆ ಒಗ್ಗಲು ಕಾಲ ಬೇಕು. ಲಾರಿ ಬಂದ ದಿನ ಕೆಲಸಗಾರರ ಸೊಂಟಕ್ಕೆ ವಿಶ್ರಾಂತಿಯಿಲ್ಲ. ಒಂದೊಂದನ್ನೂ ಇಳಿಸಿ, ನೆರಳು ಬಲೆಯ ಕೆಳಗೆ ಜೋಡಿಸಿ, ಕೆಲವು ದಿನ ಮಾರಾಟಕ್ಕಿಡದೆ ಕಾಯಬೇಕು. ಹಣ ಹೂಡಿದ ಮಾಲೀಕರಿಗೆ ಈ ಕಾಯುವಿಕೆಯೇ ಕಷ್ಟ.

ಆದರೆ ಲೆಕ್ಕ ಹೇಳುವುದು ಬೇರೆಯೇ. ಉದಾಹರಣೆಗೆ, ತಲಾ 30 ರೂಪಾಯಿಯಂತೆ 100 ಗಿಡ ಕೊಂಡು, ಸಾಗಣೆಗೆ 500 ರೂಪಾಯಿ ತೆತ್ತರೆ ಒಟ್ಟು ವೆಚ್ಚ 3,500 ರೂಪಾಯಿ. 20 ಗಿಡ ಸತ್ತರೆ ಉಳಿದ 80ರ ತಲಾ ವೆಚ್ಚ 35 ಅಲ್ಲ, 43.75 ರೂಪಾಯಿ. ಕಾಳಜಿಯಿಂದ ಸಾವು 5ಕ್ಕೆ ಇಳಿದರೆ ಅದು 37 ರೂಪಾಯಿಗಿಂತಲೂ ಕಡಿಮೆ. ಈ ವ್ಯತ್ಯಾಸವನ್ನು ಗಳಿಸಿಕೊಟ್ಟದ್ದು ನೀರಿನ ಪೈಪು ಹಿಡಿದ ಕೈ. ಲೆಕ್ಕಪುಸ್ತಕದಲ್ಲಿ ಮಾತ್ರ ಅದು 'ಸಂಬಳ' ಎಂಬ ಖರ್ಚಿನ ಸಾಲಿನಲ್ಲಿ ಕುಳಿತಿರುತ್ತದೆ. ಸತ್ತ ಗಿಡಗಳಿಗೆ ಪ್ರತ್ಯೇಕ ದಿನಚರಿ ಇಡುವ ನರ್ಸರಿಗಳು ವಿರಳ. ಇಟ್ಟವರಿಗೆ ಯಾವ ಸರಬರಾಜುದಾರನ ಮಾಲು ಅಗ್ಗವೆಂಬುದು ಬೇಗ ತಿಳಿಯುತ್ತದೆ.

ತೆರಿಗೆಯ ವಿಷಯವೂ ಸರಳವಲ್ಲ. ಜೀವಂತ ಗಿಡಗಳಿಗೆ ಜಿಎಸ್‌ಟಿ ಇಲ್ಲ. ಮಣ್ಣಿನ ಕುಂಡಕ್ಕೂ, ಗಿಡ ಸವರುವ ಕತ್ತರಿಗೂ ಇಲ್ಲ. ಪ್ಲಾಸ್ಟಿಕ್ ಕುಂಡಕ್ಕೆ ಶೇ. 18. ಗಿಡಗಳನ್ನಷ್ಟೇ ಮಾರುವವರಿಗೆ ನೋಂದಣಿ ಬೇಕಿಲ್ಲ. ಅದರೊಂದಿಗೆ ಪ್ಲಾಸ್ಟಿಕ್ ಕುಂಡವನ್ನೂ ಇಟ್ಟ ಕೂಡಲೇ, 40 ಲಕ್ಷ ರೂಪಾಯಿಯ ಮಿತಿಯನ್ನು ಎಣಿಸುವಾಗ ತೆರಿಗೆಯಿಲ್ಲದ ಗಿಡಗಳ ವಹಿವಾಟೂ ಸೇರುತ್ತದೆ. ಅಪಾರ್ಟ್‌ಮೆಂಟ್‌ಗಳ ಹುಲ್ಲುಹಾಸು ನೋಡಿಕೊಳ್ಳುವ ಗುತ್ತಿಗೆಯನ್ನೂ ಹಿಡಿದರೆ ಅದು ಸೇವೆ. ಆಗ ಮಿತಿ 20 ಲಕ್ಷ. ಆದಾಯ ತೆರಿಗೆಯಲ್ಲಿ, ನರ್ಸರಿಯಲ್ಲಿ ಬೆಳೆಸಿದ ಸಸಿಗಳ ಆದಾಯವನ್ನು ಕೃಷಿ ಆದಾಯವೆಂದು ಭಾವಿಸುವ ವಿವರಣೆ 2008ರ ಹಣಕಾಸು ಕಾಯ್ದೆಯಿಂದ ಬಂದಿತು. ಕೊಂಡು ತಂದು ಮಾರಿದ ಗಿಡದ ಲಾಭಕ್ಕೆ ಆ ಆಶ್ರಯವಿಲ್ಲ. ಬೆಳೆದದ್ದು ಯಾವುದು, ಕೊಂಡದ್ದು ಯಾವುದು ಎಂದು ಬೇರೆಬೇರೆ ಪುಸ್ತಕವಿಡದವರು ವಿಚಾರಣೆಯ ವೇಳೆ ಪರದಾಡುವುದು ಸಹಜ.

ಇನ್ನು ಗಿರಾಕಿ. "ಇದು ಬಿಸಿಲಿಗೋ ನೆರಳಿಗೋ?", "ದಿನಾ ಹೂ ಬಿಡುತ್ತದೆಯೇ?", "ಹೋದ ವಾರ ಒಯ್ದದ್ದು ಒಣಗಿತಲ್ಲ?" ಎಂಬ ಪ್ರಶ್ನೆಗಳಿಗೆ ದಿನವಿಡೀ ತಾಳ್ಮೆಯಿಂದ ಉತ್ತರಿಸಬೇಕು. ಬಿಸಿಲೇ ಬೀಳದ ಬಾಲ್ಕನಿಗೆ ಗುಲಾಬಿ ಕೇಳಿದವರಿಗೆ "ಬೇಡಿ, ಮನಿಪ್ಲಾಂಟ್ ಒಯ್ಯಿರಿ ಅಮ್ಮಾ" ಎನ್ನುವ ಕೆಲಸಗಾರ ಆ ಕ್ಷಣದಲ್ಲಿ ಗಲ್ಲಾಪೆಟ್ಟಿಗೆಗೆ ನಷ್ಟ ಮಾಡಿದಂತೆ ಕಾಣುತ್ತಾನೆ. ಆದರೆ ಆ ಗಿರಾಕಿ ಮುಂದಿನ ಸಲವೂ ಆತನನ್ನೇ ಹುಡುಕಿಕೊಂಡು ಬರುತ್ತಾರೆ. ಇಂಥವನು ನೂರಿನ್ನೂರು ರೂಪಾಯಿ ಹೆಚ್ಚಿನ ಸಂಬಳಕ್ಕೆ ಪಕ್ಕದ ನರ್ಸರಿಗೆ ಹೋದರೆ ಅವನ ಹಿಂದೆ ಗಿರಾಕಿಗಳೂ ಹೋಗುತ್ತಾರೆ. ಅವನ ಜಾಗಕ್ಕೆ ಬಂದವನು ಗಿಡಗಳ ಹೆಸರು ಕಲಿಯುವ ಹೊತ್ತಿಗೆ ಒಂದು ಮಳೆಗಾಲವೇ ಕಳೆದಿರುತ್ತದೆ. ಕೀಟನಾಶಕ ಸಿಂಪಡಿಸುವಾಗ ಕೈಗವಸು, ಮುಖಗವಸು ಕೊಡಲು ಹಿಂಜರಿಯುವ ಮಾಲೀಕರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಶನಿವಾರ, ಭಾನುವಾರ ಹಾಗೂ ಹಬ್ಬದ ಮುನ್ನಾದಿನಗಳು ವ್ಯಾಪಾರದ ದಿನಗಳಾದುದರಿಂದ ಕೆಲಸಗಾರರಿಗೆ ಮನೆಯವರೊಂದಿಗೆ ರಜೆ ಕಳೆಯುವ ಅವಕಾಶ ಕಡಿಮೆ. ವಾರದ ನಡುವೆ ರಜೆ ಕೊಡುವ ಅಂಗಡಿಗಳಲ್ಲೂ ಅಂದು ನೀರು ಹಾಯಿಸಲು ಒಬ್ಬರು ಬರಲೇಬೇಕು. ಆ ಒಬ್ಬರ ಅರ್ಧ ದಿನವನ್ನು ಹಾಜರಿ ಪುಸ್ತಕದಲ್ಲಿ ಬರೆದು, ಅದಕ್ಕೆ ಕೂಲಿ ಕೊಡುವ ಪದ್ಧತಿ ಇನ್ನೂ ಎಲ್ಲ ಕಡೆ ಬಂದಿಲ್ಲ.