ಆಮ್‌ಸ್ಟರ್‌ಡ್ಯಾಮಿನಲ್ಲಿ ಮೊಳೆತ ಬ್ಯಾಪ್ಟಿಸ್ಟ್ ಪಂಥ

ಬ್ಯಾಪ್ಟಿಸ್ಟ್ ಪಂಥದ ಮೂಲವನ್ನು ಇತಿಹಾಸಕಾರರು ಗುರುತಿಸುವುದು ನಾವು ನೆಲೆಸಿರುವ ಈ ನಾಡಿನಲ್ಲಿಯೇ. ಇಂಗ್ಲೆಂಡಿನ ರಾಜಾಶ್ರಿತ ಚರ್ಚನ್ನು ತೊರೆದು ಆಮ್‌ಸ್ಟರ್‌ಡ್ಯಾಮಿಗೆ ವಲಸೆ ಬಂದ ಜಾನ್ ಸ್ಮಿತ್, 1609ರಲ್ಲಿ ತಾನೇ ದೀಕ್ಷಾಸ್ನಾನ ಪಡೆದು, ಥಾಮಸ್ ಹೆಲ್ವಿಸ್ ಮೊದಲಾದ ಸಂಗಡಿಗರಿಗೂ ನೀಡಿದನು. ಶ್ರದ್ಧೆಯು ಹುಟ್ಟಿನಿಂದ ಬರುವುದಲ್ಲ. ಅರಿತು ಒಪ್ಪಿದವರಿಗಷ್ಟೇ ದೀಕ್ಷೆ, ಶಿಶುಗಳಿಗಲ್ಲ ಎಂಬುದು ಅವರ ಮೂಲತತ್ತ್ವ. ಇಂದಿನ ಸ್ವತಂತ್ರ ಬ್ಯಾಪ್ಟಿಸ್ಟ್ ಸಭೆಗಳಿಗೆ ಬೈಬಲ್ಲೇ ಪರಮ ಪ್ರಮಾಣ. ದೀಕ್ಷೆಯು ನೀರಿನಲ್ಲಿ ಪೂರ್ಣ ಮುಳುಗಿಸಿ ನಡೆಯುತ್ತದೆ. ಯಾವ ಮೇಲ್ಮಂಡಳಿಗೂ ಅಧೀನವಾಗದೆ ಸಭೆಯೇ ತನ್ನ ಬೋಧಕರನ್ನು ಆರಿಸಿಕೊಳ್ಳುತ್ತದೆ. ಮನುಷ್ಯನ ಧರ್ಮಶ್ರದ್ಧೆಯ ಮೇಲೆ ಅರಸನಿಗೆ ಅಧಿಕಾರವಿಲ್ಲ, ಮುಸಲ್ಮಾನರಿಗೂ ಯೆಹೂದ್ಯರಿಗೂ ಈ ಸ್ವಾತಂತ್ರ್ಯ ಸಲ್ಲಬೇಕು ಎಂದು 1612ರಲ್ಲಿ ಪ್ರತಿಪಾದಿಸಿದ ಹೆಲ್ವಿಸ್ ಲಂಡನ್ನಿನಲ್ಲಿ ಸೆರೆವಾಸಕ್ಕೆ ಗುರಿಯಾಗಿ, 1616ರ ವೇಳೆಗೆ ಮಡಿದಿದ್ದನು. ಪರನಾಡಿನಲ್ಲಿ ನಮ್ಮ ದೇವರನ್ನು ನಿರ್ಭಯವಾಗಿ ಪೂಜಿಸುವ ನಾವು, ನಮ್ಮ ಮಕ್ಕಳ ಅಂತರಂಗಕ್ಕೂ ಅದೇ ಸ್ವಾತಂತ್ರ್ಯವನ್ನು ನೀಡಬಲ್ಲೆವೇ?