ಓಡಬೇಕಾ? ಮೊದಲು ನಡೆಯಿರಿ!

ಭಾನುವಾರ ಬೆಳಿಗ್ಗೆ ಲಾಲ್‌ಬಾಗ್‌ಗೆ ಹೋಗಿ ನೋಡಿ. ಚೂಡಿದಾರ್ ಮೇಲೇ ಶೂ ಕಟ್ಟಿಕೊಂಡು ಓಡುವವರೂ ಸಿಗುತ್ತಾರೆ. 2008ರಲ್ಲಿ ಬೆಂಗಳೂರಿಗೆ ವರ್ಲ್ಡ್ 10ಕೆ ಬಂದಮೇಲೆ ಜಯನಗರ, ಜೆ.ಪಿ. ನಗರದ ಗೃಹಿಣಿಯರಿಗೂ ಓಟದ ರುಚಿ ಹತ್ತಿದೆ. ಒಲಿಂಪಿಕ್ಸಿನಲ್ಲೇ ಮಹಿಳೆಯರ ಮ್ಯಾರಥಾನ್ ಶುರುವಾದದ್ದು 1984ರಲ್ಲಿ. ಹಾಗಾಗಿ ತಡವಾಯ್ತು ಅಂತ ನೀವು ಕೊರಗಬೇಕಿಲ್ಲ.

ಆದರೆ ಮೊದಲ ದಿನವೇ ಐದು ಕಿಲೋಮೀಟರ್ ಓಡಿ, ಮರುದಿನ ಮೆಟ್ಟಿಲು ಇಳಿಯಲಾಗದೆ 'ನನ್ನ ಕೈಲಾಗಲ್ಲಪ್ಪ' ಎಂದು ಶೂ ಮೂಲೆಗೆಸೆಯಬೇಡಿ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಮೊಣಕಾಲು, ಹಿಮ್ಮಡಿ ನೋವು ಶುರುವಾಗುವುದು ಹೆಚ್ಚಾಗಿ ಈ ನಡುವೆಯೇ. ವಾರಕ್ಕೆ ಮೂರು ದಿನ ಸಾಕು. ನಾಲ್ಕು ನಿಮಿಷ ನಡೆದು ಒಂದು ನಿಮಿಷ ಓಡಿ, ಹೀಗೆ ಅರ್ಧ ಗಂಟೆ. ಪಕ್ಕದವರ ಜೊತೆ ಮಾತಾಡುತ್ತಾ ಓಡಲಾಗದಿದ್ದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ. ಕಲ್ಲು ಎದ್ದ ಫುಟ್‌ಪಾತ್‌ಗಿಂತ ಪಾರ್ಕಿನ ಮಣ್ಣಿನ ಹಾದಿ ವಾಸಿ. ಶೂಗೆ ಸಾವಿರಾರು ರೂಪಾಯಿ ಸುರಿಯುವವರು ಸ್ಪೋರ್ಟ್ಸ್ ಬ್ರಾ ಮರೆಯುತ್ತಾರೆ. ಅದೂ ಅಷ್ಟೇ ಮುಖ್ಯ.

ಎದೆನೋವು ಕಂಡರೆ ಅಲ್ಲೇ ನಿಲ್ಲಿಸಿ, ವೈದ್ಯರಲ್ಲಿಗೆ ಹೋಗಿ. ತಿಂಗಳಾದರೂ ಏದುಸಿರು, ಸುಸ್ತು ಬಿಡದಿದ್ದರೆ 'ವಯಸ್ಸಾಯ್ತು' ಎಂದುಕೊಂಡು ಸುಮ್ಮನಾಗಬೇಡಿ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದರೆ ಅದನ್ನೂ ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ. ಇನ್ನೊಂದು ವಿಷಯ. ತಿಂಡಿಯಾದ ಕೂಡಲೇ ಕಾಫಿ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕಾಫಿ ಬಿಡಿ ಅಂತಲ್ಲ (ಹಾಗೆ ಹೇಳಿದರೆ ನೀವು ಓಟವನ್ನೇ ಬಿಡ್ತೀರಿ!), ಒಂದು ಗಂಟೆ ತಡವಾಗಿ ಕುಡಿಯಿರಿ.