ಜೇಬಿನ ಕ್ಯಾಮೆರಾವೇ, ಕೊರಳಿನ ಕ್ಯಾಮೆರಾವೇ?

ಸಂಸಾರವಂದಿಗರ ಮನೆಗೆ ಕ್ಯಾಮೆರಾ ಬರುವುದು ಸಾಮಾನ್ಯವಾಗಿ ಮೂರು ಸಂದರ್ಭಗಳಲ್ಲಿ: ತೊಟ್ಟಿಲು ಕಟ್ಟಿದಾಗ, ಮದುವೆ ಗೊತ್ತಾದಾಗ, ಇಲ್ಲವೆ ದೂರದ ಯಾತ್ರೆಗೆ ಟಿಕೆಟು ಕೊಂಡಾಗ. ಮೂರರಲ್ಲಿಯೂ ಖರ್ಚು ಆಗಲೇ ಮಿತಿ ಮೀರಿರುತ್ತದೆ. ವಿಚಾರಿಸಿ ಆರಿಸಲು ಬಿಡುವಿರುವುದಿಲ್ಲ. ಅಂಗಡಿಯ ಗಾಜಿನ ಬೀರುವಿನ ಮುಂದೆ ನಿಂತ ದಂಪತಿಗಳಿಗೆ ಒಂದು ಕಡೆ ಅಂಗಿಯ ಜೇಬಿಗೆ ಇಳಿಯುವ ಪುಟ್ಟ ಕ್ಯಾಮೆರಾ ಕಾಣುತ್ತದೆ; ಇನ್ನೊಂದು ಕಡೆ ಕೊರಳಿಗೆ ತೂಗುಹಾಕಬೇಕಾದ, ನೋಡಿದೊಡನೆ ಗೌರವ ಹುಟ್ಟಿಸುವ ಕರಿಯ ಡಿ.ಎಸ್.ಎಲ್.ಆರ್. ಕಾಣುತ್ತದೆ. ‘ಕೊಳ್ಳುವುದಾದರೆ ದೊಡ್ಡದನ್ನೇ ಕೊಳ್ಳೋಣ’ ಎನ್ನುತ್ತಾರೆ ಯಜಮಾನರು. ‘ಅದನ್ನು ಹೊರುವವರು ಯಾರು?’ ಎಂದು ಕೇಳುತ್ತಾರೆ ಮನೆಯಾಕೆ. ಈ ಎರಡನೆಯ ಮಾತಿನಲ್ಲಿ ಅಂಗಡಿಯವನ ಎಲ್ಲ ವಿವರಣೆಗಿಂತಲೂ ಹೆಚ್ಚಿನ ತಿರುಳಿದೆ.

ಎಲ್ಲರ ಕೈಯಲ್ಲಿಯೂ ಮೊಬೈಲು ಇರುವ ಈ ಕಾಲದಲ್ಲಿ ಪ್ರತ್ಯೇಕ ಕ್ಯಾಮೆರಾ ಏತಕ್ಕೆ ಎಂಬ ಸಂದೇಹ ಸಹಜವಾದುದೇ. ಹಗಲು ಬೆಳಕಿನಲ್ಲಿ, ಹತ್ತಿರ ನಿಂತವರ ಚಿತ್ರಕ್ಕೆ ಮೊಬೈಲೇ ಧಾರಾಳವಾಗಿ ಸಾಕು. ಆದರೆ ಶಾಲೆಯ ವಾರ್ಷಿಕೋತ್ಸವದ ರಂಗದ ಮೇಲೆ ಮಗಳು ಕುಣಿಯುವಾಗ, ದೀಪದ ಬೆಳಕಿನಲ್ಲಿ ಅಜ್ಜಿ ಆರತಿ ಎತ್ತುವಾಗ, ನದಿಯ ನಡುಗಡ್ಡೆಯಲ್ಲಿ ಹಕ್ಕಿ ರೆಕ್ಕೆ ಬಿಚ್ಚುವಾಗ ಅದರ ಶಕ್ತಿ ಕುಂದುತ್ತದೆ. ಮತ್ತೊಮ್ಮೆ ಮಾಡಿಸಿ ತೆಗೆಯಲಾಗದ ಚಿತ್ರಗಳು ಇಂಥವೇ.

ಹಳೆಯ ಕವಲುದಾರಿ

ಚಿಕ್ಕದು ದೊಡ್ಡದೆಂಬ ಈ ಕವಲು ಇಂದು ನಿನ್ನೆಯದಲ್ಲ. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕೊಡಕ್ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಾಗ, ಗುಂಡಿ ಒತ್ತುವುದಷ್ಟೇ ಗಿರಾಕಿಯ ಕೆಲಸವಾಗಬೇಕೆಂಬುದು ಅವರ ಉದ್ದೇಶವಾಗಿತ್ತು. 1900ರಲ್ಲಿ ಬಂದ ಅವರ ಬ್ರೌನಿ ಕ್ಯಾಮೆರಾದ ಬೆಲೆ ಒಂದೇ ಡಾಲರು. ನಮ್ಮ ದೇಶದ ಎಷ್ಟೋ ಮನೆಗಳ ಹಳೆಯ ಆಲ್ಬಂಗಳನ್ನು ತುಂಬಿದ ಆಗ್ಫಾ ಕ್ಲಿಕ್ ಕೂಡ ಇದೇ ಸಂತತಿಯದು. ಒಂದು ಸುರುಳಿಗೆ 12 ಚಿತ್ರ, ಹೆಚ್ಚಿನ ಉಪಚಾರವಿಲ್ಲ. ಇನ್ನೊಂದು ಕವಲು ಕಲಿತು ನಡೆಸಬೇಕಾದ ಯಂತ್ರಗಳದು. ಮಸೂರದ ಮೂಲಕವೇ ದೃಶ್ಯವನ್ನು ನೋಡಿ ತೆಗೆಯುವ ಈ ಬಗೆಯ ಕ್ಯಾಮೆರಾಗಳಲ್ಲಿ 1959ರ ನಿಕಾನ್ ಎಫ್ ಲೋಕಪ್ರಸಿದ್ಧವಾಯಿತು.

1975ರಲ್ಲಿ ಕೊಡಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಸುರುಳಿಯಿಲ್ಲದೆ ಚಿತ್ರ ಹಿಡಿಯುವ ಮೊದಲ ಡಿಜಿಟಲ್ ಕ್ಯಾಮೆರಾವನ್ನು ರಚಿಸಿದರು. ಅದರ ತೂಕ ಮೂರೂವರೆ ಕಿಲೋವಿಗೂ ಮಿಗಿಲು. ಒಂದು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು 23 ಸೆಕೆಂಡು ಬೇಕಾಗುತ್ತಿತ್ತು. 2003ರಲ್ಲಿ ಕ್ಯಾನನ್ ಸಂಸ್ಥೆ ಸಾವಿರ ಡಾಲರಿಗೂ ಕಡಮೆ ಬೆಲೆಯ ಡಿ.ಎಸ್.ಎಲ್.ಆರ್. ತಂದಾಗ ವೃತ್ತಿಗಾರರ ಉಪಕರಣ ಗೃಹಸ್ಥರ ಕೈಗೂ ಎಟುಕಿತು. ಇಂದಿನ ಗೊಂದಲ ಹುಟ್ಟಿದ್ದು ಅಲ್ಲಿಂದಲೇ.

ಬೆಳಕಿನ ಲೆಕ್ಕ

ಎರಡಕ್ಕೂ ಇರುವ ಮುಖ್ಯ ಅಂತರವನ್ನು ಅಳತೆಪಟ್ಟಿ ಹಿಡಿದೇ ತಿಳಿಯಬಹುದು. ಹಿಂದೆ ಫಿಲಂ ಇರುತ್ತಿದ್ದ ಸ್ಥಳದಲ್ಲಿ ಈಗ ಸೆನ್ಸರ್ ಎಂಬ ಬೆಳಕಿನ ಫಲಕವಿರುತ್ತದೆ. ಸಾಧಾರಣ ಜೇಬು ಕ್ಯಾಮೆರಾದ ಫಲಕ ಸುಮಾರು 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಆರಂಭದ ದರ್ಜೆಯ ನಿಕಾನ್ ಡಿ.ಎಸ್.ಎಲ್.ಆರ್.ನಲ್ಲಿ ಅದು 23.5 ಮತ್ತು 15.6 ಮಿಲಿಮೀಟರ್. ವಿಸ್ತೀರ್ಣದಲ್ಲಿ ಸುಮಾರು 13 ಪಟ್ಟು ಹೆಚ್ಚು. ಮಳೆ ಸುರಿಯುವಾಗ ಅಂಗಳದಲ್ಲಿ ಲೋಟವನ್ನೂ ಕೊಪ್ಪರಿಗೆಯನ್ನೂ ಇಟ್ಟರೆ ಯಾವುದರಲ್ಲಿ ಹೆಚ್ಚು ನೀರು ನಿಲ್ಲುವುದೆಂಬುದನ್ನು ಹೇಳಬೇಕಾಗಿಲ್ಲ. ಬಿಸಿಲೆಂಬ ಜಡಿಮಳೆಯಲ್ಲಿ ಲೋಟವೂ ತುಂಬಿ ತುಳುಕುತ್ತದೆ. ಕಲ್ಯಾಣಮಂಟಪದ ಒಳಗಿನ ತುಂತುರು ಬೆಳಕಿನಲ್ಲಿ ಮಾತ್ರ ಲೋಟದ ತಳವೂ ಒದ್ದೆಯಾಗದು. ಆಗ ಚಿತ್ರದಲ್ಲಿ ಮರಳಿನಂತಹ ಕಾಳು ಕಾಣಿಸಿಕೊಳ್ಳುತ್ತದೆ. ಇಲ್ಲವೆ ಶಟರು ಹೆಚ್ಚು ಹೊತ್ತು ತೆರೆದಿದ್ದು ಕುಣಿಯುವ ಮಗು ಹೊಗೆಯ ಎಳೆಯಂತೆ ಅಲುಗಿಹೋಗುತ್ತದೆ.

ಎರಡನೆಯ ಅಂತರ ವೇಗದ್ದು. ಡಿ.ಎಸ್.ಎಲ್.ಆರ್.ನ ಒಳಗಿನ ಕನ್ನಡಿ ದೃಶ್ಯವನ್ನು ಕಣ್ಣಿಗೆ ತೋರಿಸುವುದರ ಜೊತೆಗೆ, ಬೆಳಕಿನ ಒಂದು ಭಾಗವನ್ನು ಪ್ರತ್ಯೇಕವಾದ ಫೋಕಸ್ ಯಂತ್ರಕ್ಕೆ ಕಳುಹಿಸುತ್ತದೆ. ಮಸೂರ ಎತ್ತ ಕಡೆ, ಎಷ್ಟು ಸರಿಯಬೇಕೆಂಬುದು ಅದಕ್ಕೆ ಕೂಡಲೇ ತಿಳಿಯುತ್ತದೆ. ಹಳೆಯ ಜೇಬು ಕ್ಯಾಮೆರಾಗಳು ಮಸೂರವನ್ನು ಹಿಂದೆ ಮುಂದೆ ಸರಿಸಿ ನೋಡಿ, ಚಿತ್ರ ಎಲ್ಲಿ ಸ್ಪಷ್ಟವಾಯಿತೆಂದು ಹುಡುಕಬೇಕು. ಗುಂಡಿ ಒತ್ತಿದ ಮೇಲೆ ಚಿತ್ರ ಬರುವಷ್ಟರಲ್ಲಿ ಮಗುವಿನ ನಗು ಮುಗಿದು ಮುಖ ತಿರುಗಿರುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಗಾದೆಯನ್ನು ಎಷ್ಟೋ ತಂದೆತಾಯಿಗಳು ನೆನೆದದ್ದು ಇಂಥ ವೇಳೆಯಲ್ಲಿಯೇ.

ಮೂರ್ತಿ ಚಿಕ್ಕದು, ಕೀರ್ತಿ ದೊಡ್ಡದು

ಇಷ್ಟು ಓದಿದವರು ದೊಡ್ಡದೇ ಸರಿಯೆಂದು ತೀರ್ಮಾನಿಸಿದರೆ ಆತುರವಾದೀತು. 2018ರಲ್ಲಿ ಬಂದ ನಿಕಾನ್ ಡಿ3500, ಜೊತೆಗೆ ಕೊಡುವ ಮಸೂರವೂ ಸೇರಿ, ಸುಮಾರು 620 ಗ್ರಾಂ ತೂಗುತ್ತದೆ. 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100 ಎಂಬ ಜೇಬು ಕ್ಯಾಮೆರಾದ ತೂಕ 240 ಗ್ರಾಂ. ಆದರೂ ಅದರ ಫಲಕ ಸಾಧಾರಣ ಜೇಬು ಕ್ಯಾಮೆರಾದ ಫಲಕಕ್ಕಿಂತ ನಾಲ್ಕು ಪಟ್ಟು ದೊಡ್ಡದು. 2019ರ ರಿಕೋ ಜಿಆರ್ 3 ಎಂಬುದಂತೂ 257 ಗ್ರಾಂ ತೂಕದೊಳಗೆ ಡಿ.ಎಸ್.ಎಲ್.ಆರ್.ನಷ್ಟೇ ದೊಡ್ಡ ಫಲಕವನ್ನು ಅಡಗಿಸಿಕೊಂಡಿದೆ. ಇಂಥವು ದುಬಾರಿ ಎಂಬುದು ನಿಜ. ರಿಕೋದಲ್ಲಿ ದೂರದ್ದನ್ನು ಹತ್ತಿರಕ್ಕೆ ತರುವ ಜೂಮ್ ಸೌಕರ್ಯವೂ ಇಲ್ಲ. ಆದರೆ ಜೇಬಿಗೆ ಹಿಡಿಸುವುದೆಲ್ಲ ಕೀಳೆಂಬ ಭಾವನೆ ತಪ್ಪೆನ್ನಲು ಈ ಎರಡು ಉದಾಹರಣೆ ಸಾಕು.

ಫ್ರಾನ್ಸಿನ ಆನ್ರಿ ಕಾರ್ಟಿಯೇ-ಬ್ರೆಸೋ 1948ರಲ್ಲಿ ದೆಹಲಿಯಲ್ಲಿ ಗಾಂಧೀಜಿಯವರ ಅಂತಿಮಯಾತ್ರೆಯ ಚಿತ್ರಗಳನ್ನು ತೆಗೆದದ್ದು ಕೈಯಲ್ಲಿ ಹಿಡಿಯಬಹುದಾದ ಪುಟ್ಟ ಲೈಕಾದಿಂದ. ಜನರ ನಡುವೆ ಜನರಂತೆಯೇ ಇರಬೇಕೆಂಬವರಿಗೆ ಚಿಕ್ಕ ಕ್ಯಾಮೆರಾ ಉಪಕಾರಿ. ಮೂಡಿಗೆರೆಯ ತೋಟದಲ್ಲಿ ನೆಲೆಸಿ ಹಕ್ಕಿಗಳ ಬೆನ್ನು ಹತ್ತಿದ ಪೂರ್ಣಚಂದ್ರ ತೇಜಸ್ವಿಯವರಂಥವರ ಹವ್ಯಾಸಕ್ಕೆ ಉದ್ದನೆಯ ಮಸೂರವೂ ಅದನ್ನು ತೊಡಿಸಬಲ್ಲ ಕ್ಯಾಮೆರಾವೂ ಬೇಕು. ಕೆಲಸ ಬೇರೆ, ಉಪಕರಣ ಬೇರೆ.

ಮಸೂರದ ಸಂಸಾರ

ಡಿ.ಎಸ್.ಎಲ್.ಆರ್. ಕೊಳ್ಳುವವರು ಸಾಮಾನ್ಯವಾಗಿ ಮರೆಯುವ ಸಂಗತಿಯೊಂದುಂಟು. ಅದು ಒಂದು ವಸ್ತುವಲ್ಲ, ಒಂದು ಸಂಸಾರ. ಜೊತೆಯಲ್ಲಿ ಬರುವ 18-55 ಮಿಲಿಮೀಟರಿನ ಮಸೂರ ಊರು, ಮನೆ, ಗುಂಪುಚಿತ್ರಗಳಿಗೆ ತಕ್ಕುದು. ಅದನ್ನು ಹಿಡಿದು ರಂಗನತಿಟ್ಟಿನ ದೋಣಿಯಲ್ಲಿ ಕುಳಿತವರಿಗೆ ದೂರದ ಕೊಕ್ಕರೆ ಎಳ್ಳುಕಾಳಿನಷ್ಟೇ ಕಂಡೀತು. ಪಕ್ಕದಲ್ಲಿ ಕುಳಿತ, 30 ಪಟ್ಟು ಜೂಮ್ ಉಳ್ಳ ಜೇಬು ಕ್ಯಾಮೆರಾದವರು ಬಿಸಿಲಿನಲ್ಲಿ ಅದೇ ಕೊಕ್ಕರೆಯ ಕೊಕ್ಕನ್ನೂ ಹಿಡಿದಾರು. ಆ ಮಸೂರವನ್ನು 55ರ ತುದಿಗೆ ಎಳೆದಾಗ ಬೆಳಕಿನ ದ್ವಾರ ಎಫ್ 5.6ಕ್ಕೆ ಕಿರಿದಾಗುತ್ತದೆ, ಕತ್ತಲ ಮಂಟಪದಲ್ಲಿ ದೊಡ್ಡ ಫಲಕದ ಲಾಭ ಬಹುಪಾಲು ಅಲ್ಲಿಯೇ ಸೋರಿಹೋಗುತ್ತದೆ. ಎಫ್ 1.8 ದ್ವಾರದ 50 ಮಿಲಿಮೀಟರಿನ ಚಿಕ್ಕ ಮಸೂರವೊಂದನ್ನು ಸೇರಿಸಿದರೆ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಬರುತ್ತದೆ. ಮಸೂರಗಳಲ್ಲಿ ಇದು ಅಗ್ಗದ ಜಾತಿಯದೇ. ಹಾಗಾಗಿ ಹೆಚ್ಚಿನ ಹಣವನ್ನು ಮೇಲ್ದರ್ಜೆಯ ಪೆಟ್ಟಿಗೆಗೆ ಸುರಿಯುವ ಬದಲು ಕೆಳದರ್ಜೆಯ ಪೆಟ್ಟಿಗೆ ಕೊಂಡು, ಉಳಿದುದನ್ನು ಇಂಥ ಮಸೂರಕ್ಕೆ ಹಾಕುವುದು ಜಾಣತನ. ನಿಕಾನ್ ಡಿ3500ರಂತಹ ಪೆಟ್ಟಿಗೆಗಳೊಳಗೆ ಫೋಕಸ್ ಮೋಟಾರು ಇಲ್ಲವಾದ್ದರಿಂದ, ಮಸೂರದಲ್ಲಿಯೇ ಮೋಟಾರು ಉಂಟೇ ಎಂದು ಕೇಳಿ ಕೊಳ್ಳತಕ್ಕದ್ದು.

ಮೆಗಾಪಿಕ್ಸೆಲ್ ಎಂಬ ಅಂಕಿಗೆ ಯಾರೂ ಮರುಳಾಗಬೇಕಾಗಿಲ್ಲ. 6 ಅಂಗುಲಕ್ಕೆ 4 ಅಂಗುಲದ ಉತ್ತಮ ಮುದ್ರಣಕ್ಕೆ ಸುಮಾರು 22 ಲಕ್ಷ ಚುಕ್ಕೆ ಸಾಕು. ಗೋಡೆಗೆ ಹಾಕುವ 10ಕ್ಕೆ 8 ಅಂಗುಲದ ಚಿತ್ರಕ್ಕೆ 72 ಲಕ್ಷ. ಹತ್ತು ಹನ್ನೆರಡು ವರ್ಷದ ಹಿಂದಿನ ಜೇಬು ಕ್ಯಾಮೆರಾದಲ್ಲಿಯೂ ಇದಕ್ಕಿಂತ ಹೆಚ್ಚು ಚುಕ್ಕೆಗಳಿವೆ.

ಚಿತ್ರದಲ್ಲಿಲ್ಲದವರು

ಅಂಗಡಿಯಲ್ಲಿ ಯಾರೂ ಹೇಳದ ಇನ್ನೊಂದು ವಿಷಯ ಮನೆಯ ಆಲ್ಬಂ ತೆರೆದರೆ ತಿಳಿಯುತ್ತದೆ. ದೊಡ್ಡ ಕ್ಯಾಮೆರಾ ಬಂದ ಮನೆಯಲ್ಲಿ ಅದನ್ನು ಕಲಿತವರು ಒಬ್ಬರೇ ಆಗುವುದು ವಾಡಿಕೆ. ಉಳಿದವರು ಅದನ್ನು ಮುಟ್ಟಲು ಅಂಜುತ್ತಾರೆ. ಹೀಗಾಗಿ ತಂದೆ ಹತ್ತು ವರ್ಷ ಚಿತ್ರ ತೆಗೆದರೆ ಆ ಹತ್ತು ವರ್ಷ ಚಿತ್ರದಲ್ಲಿ ತಂದೆಯೇ ಇರುವುದಿಲ್ಲ. ತಾಯಿ ತೆಗೆದರೆ ತಾಯಿ ಇರುವುದಿಲ್ಲ. ಮುಂದೆ ಮಕ್ಕಳು ಹುಡುಕುವುದು ಆ ಮುಖವನ್ನೇ. ಜೇಬು ಕ್ಯಾಮೆರಾ ಅಜ್ಜನ ಕೈಯಿಂದ ಮೊಮ್ಮಗಳ ಕೈಗೆ ನಿರಾತಂಕವಾಗಿ ಹೋಗುತ್ತದೆ. ಡಿ.ಎಸ್.ಎಲ್.ಆರ್. ಕೊಳ್ಳುವವರು ಮನೆಯ ಇಬ್ಬರಿಗಾದರೂ ಅದನ್ನು ಕಲಿಸಿಕೊಡುವ ಸಂಕಲ್ಪದೊಡನೆಯೇ ಕೊಳ್ಳಬೇಕು.

ಇಂದಿನ ಪೇಟೆ

ಪೇಟೆಯ ಸ್ಥಿತಿಯೂ ಬದಲಾಗಿದೆ. ಕ್ಯಾನನ್, ನಿಕಾನ್ ಸಂಸ್ಥೆಗಳು 2020ರ ಈಚೆಗೆ ಹೊಸ ಡಿ.ಎಸ್.ಎಲ್.ಆರ್. ಮಾದರಿಗಳನ್ನು ಹೊರತರದೆ, ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆಗೆ ತಿರುಗಿವೆ. ಮೊಬೈಲಿನ ಪೈಪೋಟಿಯಿಂದ ಅಗ್ಗದ ಜೇಬು ಕ್ಯಾಮೆರಾಗಳೂ ವಿರಳವಾಗಿವೆ. ಆದಕಾರಣ ಇಂದು ಹಲವರು ಕೊಳ್ಳುವುದು ಒಬ್ಬರು ಬಳಸಿ ಬಿಟ್ಟ ಕ್ಯಾಮೆರಾವನ್ನು. ಬೆಲೆ ಇಳಿದಿರುವುದರಿಂದ ಇದು ಗೃಹಸ್ಥರಿಗೆ ಅನುಕೂಲವೇ. ಆದರೆ ಡಿ.ಎಸ್.ಎಲ್.ಆರ್.ನ ಶಟರು ಎಷ್ಟು ಸಾವಿರ ಬಾರಿ ಬಡಿದಿದೆ ಎಂದು ವಿಚಾರಿಸಬೇಕು. ಮಸೂರವನ್ನು ಬೆಳಕಿಗೆ ಹಿಡಿದು ಒಳಗೆ ಜೇಡರಬಲೆಯಂತಹ ಬೂಷ್ಟಿನ ಎಳೆ ಇದೆಯೇ ಎಂದು ನೋಡಬೇಕು. ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿ ಇದು ಮಸೂರಕ್ಕೆ ತಗಲುವ ದೊಡ್ಡ ರೋಗ. ಜೇಬು ಕ್ಯಾಮೆರಾ ಆದರೆ ಮಸೂರ ಸರಾಗವಾಗಿ ಹೊರಬಂದು ಒಳಹೋಗುವುದೇ, ಅದಕ್ಕೆ ಹೊಂದುವ ಬ್ಯಾಟರಿ ಈಗಲೂ ದೊರೆಯುವುದೇ ಎಂದು ತಿಳಿಯಬೇಕು. ಕೊಂಡ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡುವುದು ಕ್ಷೇಮ.

ಆರಿಸುವ ಬಗೆ

ಅಂಗಡಿಗೆ ಹೊರಡುವ ಮುನ್ನ ಮನೆಮಂದಿಯೆಲ್ಲ ಕುಳಿತು, ಕಳೆದ ವರ್ಷ ಬೇಕೆಂದರೂ ದಕ್ಕದೆ ಹೋದ ಹತ್ತು ಚಿತ್ರಗಳನ್ನು ಕಾಗದದ ಮೇಲೆ ಬರೆದುಕೊಳ್ಳಲಿ. ಒಂದೊಂದರ ಮುಂದೆಯೂ ಕಾರಣವನ್ನು ಬರೆಯಲಿ. ಕತ್ತಲೆ, ಓಟ, ರಂಗದ ದೀಪ ಎಂಬ ಕಾರಣಗಳೇ ಹೆಚ್ಚಾಗಿದ್ದರೆ ಡಿ.ಎಸ್.ಎಲ್.ಆರ್. ಮತ್ತು ಬೆಳಕಿನ ಮಸೂರವೊಂದು ಸಾರ್ಥಕ. ‘ಕೈಯಲ್ಲಿ ಇರಲಿಲ್ಲ’, ‘ತೆಗೆಯಲು ಬೇಸರವಾಯಿತು’, ‘ಬಿಸಿಲಿತ್ತು, ಆದರೆ ದೂರವಾಯಿತು’ ಎಂಬವೇ ಹೆಚ್ಚಾಗಿದ್ದರೆ ಜೇಬು ಕ್ಯಾಮೆರಾವೇ ತಕ್ಕುದು. ಹತ್ತರಲ್ಲಿ ಎಂಟು ಚಿತ್ರಗಳು ಮೊಬೈಲಿನಲ್ಲಿಯೇ ಸಿಗಬಹುದಾಗಿದ್ದವು ಎಂದು ಕಂಡುಬಂದರೆ ಹಣ ಉಳಿಯಿತೆಂದು ಸಂತೋಷಪಡಲಿ.

ಯಾವುದನ್ನೇ ಕೊಳ್ಳಲಿ, ವರ್ಷಕ್ಕೊಮ್ಮೆ ಐವತ್ತು ಚಿತ್ರಗಳನ್ನಾದರೂ ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಹೆಸರು, ಊರು, ತೇದಿ ಬರೆದಿಡುವುದು ಮೇಲು. ಆ ವೆಚ್ಚವನ್ನೂ ಕ್ಯಾಮೆರಾದ ಬೆಲೆಯೊಡನೆ ಮೊದಲೇ ಕೂಡಿಸಿಕೊಂಡು ಅಂಗಡಿಗೆ ಹೋಗುವ ಸಂಸಾರಕ್ಕೆ, ಮುಂದೆ ಮೊಮ್ಮಕ್ಕಳು ‘ಇವರು ಯಾರು?’ ಎಂದು ಕೇಳಿದಾಗ ಹೇಳಲು ಉತ್ತರವಿರುತ್ತದೆ.